ಜಿಂಕೆಗೂ ಎಲ್ಕಿಗೂ ಒಂದೇ ತೋಟಾ

ನೆನಪು ಇದನ್ನು ಚಂದಗೊಳಿಸುವ ಮೊದಲೇ ಕಾರಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದೇನೆ. ಮಾರ್ಗನ್ ಹಿಲ್‌ನ ಬಂದೂಕಿನ ಅಂಗಡಿಗೆ ಹೋಗಿದ್ದೆವು. ಡಾಟ್‌ಕಾಮ್ ಕಂಪನಿಯಲ್ಲಿರುವ ಮೈಸೂರಿನ ಗೆಳೆಯ ರಿಯಾಜ್‌ಗೆ ಹೊಸದಾಗಿ ಬೇಟೆಯ ಹುಚ್ಚು. ಹೆಂಡತಿ ಒಪ್ಪಿರುವುದು ಒಂದೇ ರೈಫಲ್ಲಿಗೆ. ಹಾಗಾಗಿ ಜಿಂಕೆಗೂ, ಕುದುರೆ ಗಾತ್ರದ ಎಲ್ಕಿಗೂ ಒಂದೇ ತೋಟಾ ಆಗಬೇಕು. ಹಳೆಯ ಥರ್ಟಿ-ಆಟ್-ಸಿಕ್ಸ್ ತೋಟಾ ಎರಡಕ್ಕೂ ಸಾಕೆಂದು ಅಂಗಡಿಯಾತ ಹೇಳಿದರೂ ರಿಯಾಜ್ ಅದಕ್ಕಿಂತ ಜೋರಿನ ದೊಡ್ಡ ಮ್ಯಾಗ್ನಮ್ ತೋಟಾದ ಡಬ್ಬಿ ಬಿಡಲಿಲ್ಲ.

"ಇದಾದ್ರೆ ಎಲ್ಕು ಗ್ಯಾರಂಟಿ ಕಣೋ," ಎಂದ ನನಗೆ.

ನಮ್ಮ ಜೊತೆಗೇ ಬಂದಿದ್ದ, ಹುಬ್ಬಳ್ಳಿಯವಳಾದ ಅವನ ಹೆಂಡತಿ ನಸೀಮಾ ಕೇಳಿದಳು: "ಮತ್ತ ಜಿಂಕಿ? ಅಲ್ಲೇ ಖೀಮಾ ಆಗಿಬಿಡ್ತದೇನ್ರೀ? ನನಗ ಬಿರಿಯಾನಿಗೆ ತುಂಡು ಬೇಕ್ರೀ!"

ರಿಯಾಜ್ ಪೆಚ್ಚಾಗಿ ಅವಳ ಮಾತನ್ನು ಅಂಗಡಿಯಾತನಿಗೆ ಇಂಗ್ಲಿಷಿನಲ್ಲಿ ಹೇಳಿದ. ಆತ ಬಿದ್ದುಬಿದ್ದು ನಕ್ಕು, ಥರ್ಟಿ-ಆಟ್-ಸಿಕ್ಸ್ ಡಬ್ಬಿಯನ್ನು ನೇರವಾಗಿ ನಸೀಮಾಳ ಕೈಗೇ ಕೊಟ್ಟ.