ಅವ್ವನ ಮಲ್ಲಿಗಿಗೆ ಹಾಕಿದ ಹಸಿ ಗೊಬ್ಬರ

ಲಕ್ವಾ ಹೊಡೆದ ಮ್ಯಾಲೆ ನಮ್ಮವ್ವನ ಬಲಗೈ, ಬಲಗಾಲು ಸೊರಗಿದ್ವು. ಮಾತು ಪೂರಾ ನಿಂತಿತ್ತು. "ದಿನಾ ನಡೆಸ್ರಿ. ಹಾಸಿಗಿ ಹಿಡಿದ್ರ ಮತ್ತ ಏಳೂದಿಲ್ಲ," ಅಂದಿದ್ರು ಡಾಕ್ಟರು. ನಾನು, ನನ್ನ ಗಂಡ ಎಷ್ಟ ಕೈಕಾಲು ಬಿದ್ರೂ ಆಕಿ ಏಳತಿರಲಿಲ್ಲ. ಏಳತಿದ್ದದ್ದು ಒಂದಕ್ಕ, ಹಿತ್ತಲದಾಗಿನ ದುಂಡಮಲ್ಲಿಗಿ ಗಿಡಕ್ಕ. ನಾವು ರಾಮದುರ್ಗದಾಗ ಮನಿ ಕಟ್ಟಿದಾಗ ಆಕೀನ ಹೂಲಿ ಊರಿನ ತನ್ನ ತವರಿನಿಂದ ತಂದು ಹಚ್ಚಿದ್ಲು. ದಿನಾ ಮುಂಜಾನೆ ಎಡಗೈಲೆ ಕೋಲು ಊರಿಕೊಂಡು ಹೋಗಿ ಎಲಿ ಸವರಿ ಬರತಿದ್ಲು.

ಬ್ಯಾಸಗ್ಯಾಗ ಎಲಿ ಹಳದಿ ತಿರುಗಿದ್ವು. ಗಿಡ ಹೋದ್ರ ಅವ್ವ ಯಾವ ನೆವಕ್ಕ ಎದ್ದಾಳು? ಬುಟ್ಟಿ ತಗೊಂಡು ಆಕಳ ಸಾಕಿದ ಬಾಜೂ ಮನಿಯಾಕಿ ಕಡೆ ಓಡಿದೆ. ಆಕಿ ತಿಪ್ಪ್ಯಾಗ ವರ್ಷಗಟ್ಟಲೆ ಕಳಿತ ಗೊಬ್ಬರ ಇತ್ತು, ಚಹಾಪುಡಿ ಹಂಗ ಕರ್ರಗ, ಉದುರುದುರು.

"ಇವತ್ತ ಶುಕ್ರವಾರ ಅಲ್ರೀ ಅಕ್ಕೋರ, ಗೊಬ್ಬರ ಹೊರಗ ಕೊಡೂದಿಲ್ಲ. ಲಕ್ಷ್ಮಿ ಹೋಗತಾಳ. ನಾಳೆ ಬರ್ರಿ," ಅಂದ್ಲು.

ನಾ ಸಾಲ್ಯಾಗ ವಿಜ್ಞಾನ ಹೇಳೂ ಅಕ್ಕೋರು! ಸಿಟ್ಟು ನೆತ್ತಿಗೇರ್ತು. ಒಂದ ದಿನ ತಡದಿದ್ರ ನನ್ನ ಗಂಟೇನ ಹೋಗತಿತ್ತು? ಸವದತ್ತಿ ರೋಡಿನ ಕೋಳಿಫಾರ್ಮಿಗೆ ಗಾಡಿ ಹೊಡದು, ಇನ್ನೂ ಬೆಚ್ಚಗಿದ್ದ ಹಸಿ ಹಿಕ್ಕಿ ಚೀಲ ತುಂಬಿ ತಂದೆ. ಅರ್ಧ ಚೀಲ ಬುಡಕ್ಕ ಸುರಿದೆ.

ಮರುದಿನ ಮುಂಜಾನೆ ಅವ್ವ ಗಿಡದ ಮುಂದ ನಿಂತು ನನ್ನ ಸೆರಗು ಜಗ್ಗಿದ್ಲು. ಎಡಗೈಲೆ ಗೊಬ್ಬರ ತೋರಿಸಿ, ತನ್ನ ಕಡೆ ಬಾಚಿಕೊಂಡಂಗ ಮಾಡಿದ್ಲು. ಮತ್ತ ಮತ್ತ ಮಾಡಿದ್ಲು.

"ಇನ್ನಷ್ಟು ಬೇಕೇನವ್ವಾ? ತಡಿ," ಅಂದು ಉಳಿದ ಅರ್ಧ ಚೀಲನೂ ಸುರಿದು ಹೊಂಟೆ. ಶನಿವಾರದ ಸಾಲಿ, ಹೊತ್ತಾಗಿತ್ತು. ಹಿಂದ ಆಕಿ ಕೋಲು ನೆಲಕ್ಕ ಕುಟ್ಟೂದು ಕೇಳಿಸ್ತು. ಖುಷಿ ಆಗ್ಯಾಳ ಅನ್ಕೊಂಡೆ ನೋಡ್ರಿ! ನನ್ನ ಬುದ್ಧಿಗೆ ಬೆಂಕಿ ಹಚ್ಚಲಿ.

ಮಧ್ಯಾಹ್ನ ಬಂದಾಗ ಮನ್ಯಾಗ ಬ್ಯಾರೆ ಯಾರೂ ಇರಲಿಲ್ಲ. ಅವ್ವ ಹಿತ್ತಲದಾಗ ನೆಲಕ್ಕ ಬಿದ್ದಿದ್ಲು. ಬಿದ್ದಲ್ಲೇ ಎಡಗೈಲೆ ಬುಡದ ಹಿಕ್ಕಿ ಬಾಚಿ ಬಾಚಿ ಈಚೆ ಎಳೀತಿದ್ಲು. ಉಗುರಾಗ ರಕ್ತ ಬಂದಿತ್ತು. ಅಯ್ಯ ಶಿವನ! ಮುಂಜಾನೆ ಆಕಿ ಹೇಳಿದ್ದು ಇದನ್ನ, ಹಸಿ ಹಿಕ್ಕಿ ಬೇರು ಸುಡತೈತಿ, ತಗಿ ಅಂತ.

ಸಂಜಿತನಕ ಬಾಚಿದೆ, ಕೊಡಗಟ್ಟಲೆ ನೀರು ಹೊಡೆದೆ, ಅತ್ತೆ. ಏನ ಮಾಡಿದ್ರೂ ಆಗಲಿಲ್ಲ. ಬುಧವಾರ ಅನ್ನೂದ್ರಾಗ ಗಿಡ ಹಂಚಿನ ಮ್ಯಾಲೆ ಇಟ್ಟಂಗ ಸುಟ್ಟಿತ್ತು. ಅವ್ವ ಬಂದು ಒಂದ ಎಲಿ ಮುಟ್ಟಿದ್ಲು, ಅದು ಪುಡಿಪುಡಿ ಆತು. ಕೋಲು ಊರಿಕೊಂಡು ಒಳಗ ಹೋದ್ಲು.

ಗುರುವಾರ ಮುಂಜಾನೆ ಎಬ್ಬಿಸಾಕ ಹೋದೆ. "ಏಳವ್ವಾ, ತಪ್ಪಾತವ್ವಾ, ಹೊಸಾ ಗಿಡ ತರತೇನಿ," ಅಂತ ಕಾಲು ಹಿಡಿದೆ. ಆ ಎರಡೂ ಕಾಲು ಮಂಚದಿಂದ ಕೆಳಗ ಇಳಿಬಿಟ್ಟೆ. ಆಕಿ ನನ್ನ ಮಾರಿ ನೋಡಿದ್ಲು. ಮೊದಲ ಎಡಗಾಲು ಮ್ಯಾಲೆ ತಗೊಂಡ್ಲು. ಆಮ್ಯಾಲೆ ಎಡಗೈಲೆ ಬಲಗಾಲು ಎತ್ತಿ ಹಾಸಿಗಿ ಮ್ಯಾಲೆ ಇಟ್ಟಕೊಂಡ್ಲು.