ಕಣ್ಣು ಹಾಕಿದವಳ ಮೊಮ್ಮಗಳು

ಹರಳೆಣ್ಣೆಯ ವಾಸನೆ ಮೂಗಿಗೆ ಬಿದ್ದರೆ ಈಗಲೂ ಅಜ್ಜಿಯ ಕೊಟ್ಟಿಗೆ ಕಣ್ಣೆದುರಿಗೆ ಬರುತ್ತದೆ. ಗಂಜಲದಲ್ಲಿ ನೆಂದ ನೆಲ, ಮೂಲೆಯಲ್ಲಿ ರಾಗಿಹುಲ್ಲು, ಮೊಣಕೈವರೆಗೆ ಎಣ್ಣೆ ಸವರಿಕೊಂಡು ನಿಂತ ಅಜ್ಜಿ. ಕ್ಯಾಸಂಬಳ್ಳಿಯಿಂದಾಚೆ ಬೆಟ್ಟದ ಬುಡದಲ್ಲಿದ್ದ ಆ ಮನೆಗೆ ನಾನು ಬೇಸಿಗೆ ರಜಕ್ಕೆ ಹೋಗುತ್ತಿದ್ದೆ. ಬೆಟ್ಟದ ಮೇಲಿನ ಹಳ್ಳಿಗೆ ಆಗ ಗಾಡಿದಾರಿಯೂ ಇರಲಿಲ್ಲ. ಅಲ್ಲಿ ಯಾರದಾದರೂ ಹಸು ಕರು ಹಾಕಲಾಗದೆ ಒದ್ದಾಡಿದರೆ ಅಜ್ಜಿಗೆ ಹೇಳಿಕಳಿಸುತ್ತಿದ್ದರು. ಅವಳು ಎಣ್ಣೆಯ ಶೀಶೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂಡೆ ಹತ್ತುತ್ತಿದ್ದಳು. ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ, ಮಜ್ಜಿಗೆ ಕೊಟ್ಟರೆ ಕುಡಿದು ಬರುತ್ತಿದ್ದಳು.

ಒಂದು ಬೇಸಿಗೆ, ಆ ಹಳ್ಳಿಯ ವೆಂಕಟಪ್ಪನ ಹಸುವಿನಿಂದ ಅಜ್ಜಿ ಕರು ಎಳೆದು ಬಂದ ಮರುದಿನವೇ ಹಸು ಸತ್ತಿತು. ಅದಕ್ಕೆ ಇರಬಹುದಾದ ಕಾರಣಗಳು ಇವತ್ತು ನನಗೆ ಗೊತ್ತು. ಅವನಿಗೆ ಒಂದೇ ಗೊತ್ತಿತ್ತು. "ಕೆಚ್ಚಲು ನೋಡಿ ಕಣ್ಣಾಕಿದ್ಲು" ಎಂದು ನಮ್ಮ ಬಾಗಿಲಿಗೇ ಬಂದು ಕೂಗಿದ. ಇದನ್ನು ನಾನೇ ಕೇಳಿದೆನೋ, ಅಮ್ಮ ಹೇಳಿ ಹೇಳಿ ನನ್ನದಾಯಿತೋ, ಖಚಿತವಿಲ್ಲ. ಹಸು ಕೆಂಪಗಿತ್ತೋ ಕಪ್ಪಗಿತ್ತೋ ಅದೂ ನೆನಪಿಲ್ಲ. ಆಮೇಲಿನದರಲ್ಲಿ ಮಾತ್ರ ಅನುಮಾನವಿಲ್ಲ. ಅಜ್ಜಿಯನ್ನು ಮತ್ತೆ ಯಾರೂ ಕರೆಯಲಿಲ್ಲ. ತನ್ನ ಹಸುಗಳನ್ನು ಮಾರಿ ಉರಿಗಾಂನ ಗಣಿ ಕಾರ್ಮಿಕರ ಸಾಲಿನಲ್ಲಿದ್ದ ನಮ್ಮ ಲೈನ್ ಮನೆಗೆ ಬಂದುಬಿಟ್ಟಳು. ಬೀದಿಯಲ್ಲಿ ಹಸು ಎದುರಾದರೆ ತಲೆ ತಗ್ಗಿಸಿ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ಸಾಯುವವರೆಗೂ ಹಾಗೇ ಇದ್ದಳು. ಬೆಟ್ಟದ ಬುಡದ ಮನೆ ಬಿದ್ದುಹೋಗಿ ಈಗ ಅಲ್ಲಿ ಲಂಟಾನ ಬೆಳೆದಿದೆ. ಹೀಗೆ ಮನೆ ಕಳೆದುಕೊಂಡವರು ಏನಾದರೊಂದನ್ನು ಉಳಿಸಿಕೊಂಡಿರುತ್ತಾರೆ, ಕೊಳಗವೋ, ಒನಕೆಯೋ. ನಾನು ವೆಂಕಟಪ್ಪನನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ.

ಪಶುವೈದ್ಯೆಯಾದ ಮೇಲೆ ರಜೆಯ ದಿನಗಳಲ್ಲಿ ಬೆಟ್ಟದ ಹಳ್ಳಿಗಳ ದನಕರು ನೋಡಲು ಪುಕ್ಕಟೆಯಾಗಿ ಹೋಗುತ್ತೇನೆ. ಜನ ಸೇವೆ ಎನ್ನುತ್ತಾರೆ. ಹಾಗೆನ್ನಲು ನನಗೆ ಧೈರ್ಯವಿಲ್ಲ. ತಪ್ಪಾಯಿತು ಎಂದು ವೆಂಕಟಪ್ಪನ ಬಾಯಿಂದ ಕೇಳಬೇಕಿತ್ತು. ಕಳೆದ ತಿಂಗಳು ಅವನ ಕೊಟ್ಟಿಗೆಯಿಂದಲೇ ಕರೆ ಬಂತು. ಕರುವಿನ ಮುಂಗಾಲು ಮಡಚಿ ಸಿಕ್ಕಿಕೊಂಡಿತ್ತು. ಹಸುವನ್ನು ಕಾಯಿಸುವಂತಿರಲಿಲ್ಲ, ಕೈಹಾಕಿ ಸರಿಮಾಡಿ ಎಳೆದೆ. ಹೆಣ್ಣುಗರು. ಕೈ ತೊಳೆಯುತ್ತಾ, ನಾನು ಯಾರ ಮೊಮ್ಮಗಳೆಂದು ಹೇಳಿದೆ.

"ಅಯ್ಯೋ, ಆಯಮ್ಮನ ಮೊಮ್ಮಗಳಾ! ದೇವ್ರಂತೋಳು ಕಣಮ್ಮ. ನಮ್ಮೂರ್ನಾಗೆ ಆಯಮ್ಮನ್ ಕಂಡ್ರೆ ಎಲ್ರೂ ಕೈ ಮುಗೀತಿದ್ರು" ಎಂದ ಮುದುಕ.

ಅವನು ನಟಿಸುತ್ತಿರಲಿಲ್ಲ. ನಿಜಕ್ಕೂ ಮರೆತಿದ್ದ. ನನ್ನ ನೆನಪೇ ಸುಳ್ಳಿರಬಹುದೇ ಎಂದು ಒಂದು ಕ್ಷಣ ಹೆದರಿದೆ. ಹುಲ್ಲಿನಿಂದ ಕರುವಿನ ಮೈ ಉಜ್ಜುತ್ತಿದ್ದ ಅವನ ಹೆಂಡತಿ ಪಾಪಮ್ಮ ತಲೆಯೆತ್ತಿದಳು.

"ಥೂ ಮುದ್ಕ, ಕೈ ಮುಗೀತಿದ್ರಂತೆ! ಕಣ್ಣಾಕಿದ್ಲು ಅಂತ ಊರೆಲ್ಲಾ ಬೊಗುಳ್ಕೊಂಡು ಬಂದೋನು ನೀನೇ ಅಲ್ವಾ? ಆಯಮ್ಮನ ಬಾಗ್ಲಿಗೂ ಓಗಿ ಕೂಗ್ಬಿಟ್ಟು ಬಂದೆ. ಈಗ ದೇವ್ರಾಗ್ಬಿಟ್ಲಾ?"

ವೆಂಕಟಪ್ಪ ತಪ್ಪಾಯಿತು ಎನ್ನಲಿಲ್ಲ. ನೆನಪು ಅವನ ಮುಖಕ್ಕೆ ನಿಧಾನವಾಗಿ ಬಂತು, ಅದರ ಹಿಂದೆಯೇ ಭಯ. ನಾನು ಚೀಲ ಎತ್ತಿಕೊಳ್ಳದೆ ಹಸುವಿನ ಪಕ್ಕ ನಿಂತು, ಹಾಲು ತುಂಬಿ ಬಿಗಿದಿದ್ದ ಕೆಚ್ಚಲನ್ನೇ ನೋಡಿದೆ. ಅವನು ಹೆಗಲ ಮೇಲಿನ ಟವೆಲ್ ಎಳೆದು, ಕೆಚ್ಚಲಿಗೆ ಅಡ್ಡ ಹಿಡಿದ.

ನಾನು ಕಣ್ಣು ತೆಗೆಯಲಿಲ್ಲ.