ಅಕ್ಕನನ್ನೇ ಮಾಟಗಾತಿ ಮಾಡಿದವನು

ಮಹಾಕವಿ ಜನ್ಮದಲ್ಲಿ ಒಂದು ಪದ್ಯ ಬರೆದವನಲ್ಲ. ಬರೆಯುತ್ತಿದ್ದದ್ದು ಮಾಯಾಲೋಕದ ಕಾದಂಬರಿ. ಮಹಾಕವಿ ಎಂದು ಹೆಸರಿಟ್ಟದ್ದು ಬೀದಿಯವರು, ಅದೂ ಗೇಲಿಗೆ. ಅವನು ಮಾತ್ರ ಅದನ್ನೇ ಬಿರುದೆಂದು ತಿಳಿದು ಎದೆಯುಬ್ಬಿಸಿ ಓಡಾಡುತ್ತಿದ್ದ. ವಯಸ್ಸು ನಲವತ್ತು ದಾಟಿದ್ದರೂ ಊಟ, ಬಟ್ಟೆ, ಮಹಡಿಯ ಕೋಣೆ ಎಲ್ಲವೂ ಅಕ್ಕನದು. ಅವಳು ಕೆಳಗೆ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಳು. ಮೇಲೆ ಇವನು ಫ್ಯಾನಿನಡಿ ಕೂತು ಲೋಕಗಳನ್ನೇ ಸೃಷ್ಟಿಸುತ್ತಿದ್ದ. ಚಹಾ ಮಾತ್ರ ಕೆಳಗಿನಿಂದ ಬರಬೇಕು.

ಅವನ ಮಾಟಗಾತಿಯರೋ, ದೇವರಿಗೇ ಪ್ರೀತಿ! ಎಲ್ಲರಿಗೂ ಗಿಳಿಮೂಗು, ಗೇಣುದ್ದದ ಉಗುರು, ಬಾಯಿಬಿಟ್ಟರೆ ಗಹಗಹ ನಗು. ಪ್ರಕಾಶಕರು ಹಸ್ತಪ್ರತಿಯನ್ನು ಅವನತ್ತ ನೂಕಿದರು.

"ಇವಳನ್ನ ನೋಡಿ ನನ್ನ ಮೊಮ್ಮಗಳೂ ನಗ್ತಾಳೆ, ಸ್ವಾಮಿ. ಬೆಳಗ್ಗೆ ಎದ್ದು ಏನ್ ಕೆಲಸ ಮಾಡ್ತಾಳೆ? ಊರಿನವರಿಗೆ ಇವಳು ಯಾಕೆ ಬೇಕು? ಬೇಕಾದವಳನ್ನ ಕಂಡ್ರೆ ಭಯ ಯಾಕೆ? ನಂಬೋ ಹಾಗೆ ಬರೀರಿ, ಇಲ್ಲಾಂದ್ರೆ ಬೇರೆ ಕಡೆ ನೋಡ್ಕೊಳ್ಳಿ."

ಮುಖ ಹುಳ್ಳಗೆ ಮಾಡಿಕೊಂಡು ಬಂದವನು ಮೆಟ್ಟಿಲ ಮೇಲೆ ಕೂತು ಅಕ್ಕನ ಅಂಗಡಿಯೊಳಗೆ ಕಣ್ಣು ನೆಟ್ಟ. ಅವಳು ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು, ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಳು. ಸೊಂಟಕ್ಕೆ ಟೇಪು ಸುತ್ತಿದರೆ ಸಾಕು, ಗಂಡನಿಗಿಂತ ಮೊದಲೇ ಬಸಿರು ಅವಳಿಗೆ ಗೊತ್ತಾಗುತ್ತಿತ್ತು. ಯಾರ ತೋಳಿನ ಮೇಲೆ ಬಾಸುಂಡೆ ಎದ್ದಿದೆ ಎನ್ನುವುದೂ ಗೊತ್ತಾಗುತ್ತಿತ್ತು. ಅಂಥವರಿಗೆ ಏನೂ ಕೇಳದೆ ರವಿಕೆಯ ತೋಳನ್ನು ಒಂದಿಷ್ಟು ಉದ್ದ ಬಿಟ್ಟು ಹೊಲಿದುಕೊಡುತ್ತಿದ್ದಳು.

ಊಟಕ್ಕೆ ಕೂತಾಗಲೆಲ್ಲ ಇವನು ಆ ಹೆಂಗಸರ ವಿಷಯ ಕೆದಕಿ ಕೆದಕಿ ಕೇಳಿದ. ತಮ್ಮನಲ್ಲವೇ ಎಂದು ಅವಳೂ ಬಾಯಿಬಿಟ್ಟಳು.

"ಇದು ಈ ಮನೆ ಬಿಟ್ಟು ಹೋಗಬಾರದು ಕಣೋ."

"ಅಷ್ಟೂ ಗೊತ್ತಾಗಲ್ವಾ ಅಕ್ಕ ನಂಗೆ?"

ಗೊತ್ತಾಗಲಿಲ್ಲ! ಕಾದಂಬರಿಯಲ್ಲಿ ಮಾಟಗಾತಿ ದರ್ಜಿಯಾದಳು. ಗುಂಡುಸೂಜಿ, ಟೇಪು, ಬಸಿರು, ಬಾಸುಂಡೆ, ಉದ್ದ ತೋಳು, ಯಾವುದನ್ನೂ ಪುಣ್ಯಾತ್ಮ ಬಿಡಲಿಲ್ಲ. ಪುಸ್ತಕ ಬಿಸಿಬಿಸಿಯಾಗಿ ಖರ್ಚಾಯಿತು. ಸಭೆಯೊಂದರಲ್ಲಿ ಕತ್ತು ಕೊಂಕಿಸಿ ಉಪದೇಶವನ್ನೂ ಮಾಡಿಬಂದ: "ಮಾಟಗಾತಿಯನ್ನ ಹುಡುಕಿಕೊಂಡು ಕಾಡಿಗೆ ಹೋಗಬೇಡಿ. ಮನೇಲೇ ಇರ್ತಾಳೆ, ನೋಡೋ ಕಣ್ಣು ಬೇಕು."

ಅಂಥ ಕಣ್ಣುಳ್ಳವನಿಗೆ ಬೀದಿಯವರೂ ಪುಸ್ತಕ ಓದುತ್ತಾರೆಂದು ಹೊಳೆಯಲಿಲ್ಲ. ಹೆಂಗಸರು ಅಳತೆ ಕೊಡಲು ಬರುವುದು ನಿಂತಿತು. ಹಳೇ ಬಟ್ಟೆಯೊಂದನ್ನು ಹೊಸಿಲಾಚೆಯಿಂದಲೇ ಚಾಚಿ, "ಇದರ ಅಳತೆಗೇ ಹೊಲಿದುಬಿಡಿ" ಎನ್ನುತ್ತಿದ್ದರು. ಅಕ್ಕ ಟೇಪು ಹಿಡಿದು ಎದ್ದರೆ ಹಿಂದೆ ಸರಿಯುತ್ತಿದ್ದರು. ತೋಳಿನಲ್ಲಿ ಬಾಸುಂಡೆ ಎದ್ದಿದ್ದ ಒಬ್ಬ ಹೆಂಗಸಂತೂ ಬೀದಿಯಲ್ಲೇ ಕಾಣಲಿಲ್ಲ. ಪುಸ್ತಕವನ್ನು ಅವಳ ಗಂಡನೂ ಓದಿದ್ದ. ಅಕ್ಕ ಅವಳ ಮನೆ ಬಾಗಿಲು ತಟ್ಟಿದಾಗ ಅವನೇ ಹೊರಬಂದು, "ನಮ್ಮನೆ ಬಟ್ಟೆ ಇನ್ನು ನಿಮಗೆ ಕೊಡಲ್ಲ" ಎಂದು ಮುಖದೆದುರೇ ಬಾಗಿಲು ಹಾಕಿಕೊಂಡ. ಒಳಗಿಂದ ಸದ್ದೇ ಇರಲಿಲ್ಲ.

ಅಂದೇ ಮಹಾಕವಿ ಶಿಳ್ಳೆ ಹಾಕುತ್ತ ಕೆಳಗಿಳಿದುಬಂದ.

"ಅಕ್ಕ, ನಂಗೆ ಸನ್ಮಾನ ಮಾಡ್ತಾರಂತೆ! ಒಂದು ಹೊಸ ಅಂಗಿ ಹೊಲಿದುಕೊಡು."

ಅಳತೆಗೆಂದು ಎರಡೂ ಕೈ ಅಗಲಿಸಿ ನಿಂತ. ಅಕ್ಕ ಮೆಷಿನಿನಿಂದ ಏಳಲಿಲ್ಲ.

"ಹಳೇ ಅಂಗಿ ಹೊಸಿಲ ಮೇಲಿಟ್ಟು ಹೋಗು."

"ಯಾಕಕ್ಕ, ಅಳತೆ ತಗೊಳ್ಳಲ್ವಾ?"

"ನಿನ್ನ ಮೈ ಮುಟ್ಟಿ ನಂಗೆ ತಿಳ್ಕೊಳ್ಳೋದು ಇನ್ನೇನೂ ಉಳಿದಿಲ್ಲ ಕಣೋ."

ಅವಳು ದಾರ ಪೋಣಿಸಿ ಮೆಷಿನು ತುಳಿಯತೊಡಗಿದಳು.